ಸಾಗರ ತಾಲ್ಲೂಕಿನ ನಕ್ಷೆಯಲ್ಲಿ ಅಡಗಿ ಕೂತ ಸಾಗರ!

ಒಂದೇ ಒಂದು ಹಾಳೆ. ಒಂದೂವರೆ ಅಡಿ ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲ. ಮಡಿಕೆ ಮಡಿಕೆಯಲ್ಲಿ ಸವೆದ ಕಾಗದ, ಮಾಸಿದ ಬಣ್ಣ. ಈ ಹಾಳೆಯಲ್ಲೂ ಇದರ ಅಕ್ಕಪಕ್ಕದ ಹಾಳೆಗಳಲ್ಲೂ ಸುಮಾರು 300 ಚದರ ಕಿಲೋಮೀಟರ್ ನೀರು ಅಡಗಿದೆ.

ಎಲ್ಲಿದೆ? ಹುಡುಕಿ ನೋಡೋಣ!

ನೀಲಿ ಬಣ್ಣಕ್ಕೆ ಕಣ್ಣು ಹಾಕಿದಿರಾ? ಬೇಡಿ, ಸಿಗೋದಿಲ್ಲ. ನೀಲಿ ಇರುವುದು ಡೊಂಕುಡೊಂಕಾಗಿ ಹರಿಯುವ ಒಂದು ಹೊಳೆಯಲ್ಲಿ, ಅದಕ್ಕೆ ಬಂದು ಸೇರುವ ಹಳ್ಳಗಳಲ್ಲಿ, ಅಲ್ಲಲ್ಲಿ ಚುಕ್ಕಿಯಷ್ಟೇ ಇರುವ ಕೆರೆಗಳಲ್ಲಿ. ಹಸಿರು ಎಲ್ಲಾ ಕಾಡು. ಹಳದಿ ಎಲ್ಲಾ ಸಾಗುವಳಿ. ಕೆಂಪು ದಾರಿಗಳು, ಊರುಗಳು. ಸರೋವರ? ಇಲ್ಲವೇ ಇಲ್ಲ!

ಆದರೂ ಇದೆ. ಆಣೆ ಮಾಡಿ ಹೇಳುತ್ತೇನೆ, ಇದೆ. ಕಂದು ಬಣ್ಣದಲ್ಲಿದೆ!

ಉತ್ತರ ಆಮೇಲೆ. ಮೊದಲು ಈ ಹಾಳೆಯ ಗುರುತು ಹೇಳಿಬಿಡುತ್ತೇನೆ. ಅದರ ನಂಬರು 48 ಜೆ/16. ಸರ್ವೆ ಆಫ್ ಇಂಡಿಯಾದ ಟೋಪೋಶೀಟು, ಹಳೆಯ ಒಂದಿಂಚಿನ ನಕ್ಷೆ. ಅಂದರೆ ನೆಲದ ಮೇಲಿನ ಒಂದು ಮೈಲಿ ಕಾಗದದ ಮೇಲೆ ಒಂದು ಇಂಚು. ಒಂದು ಮೈಲಿಗೆ 63,360 ಇಂಚು. ಅಷ್ಟೂ ಇಂಚು ಒಂದೇ ಇಂಚಿನಲ್ಲಿ! ಆದರೂ ಊರಿನ ಗುಡಿ ಬಿಟ್ಟಿಲ್ಲ. ಬಾವಿ ಬಿಟ್ಟಿಲ್ಲ. ಗಾಡಿ ದಾರಿ ಬಿಟ್ಟಿಲ್ಲ. ಆಳು ನಡೆದು ಸವೆದ ಕಾಲುದಾರಿಯೂ ಚುಕ್ಕಿಚುಕ್ಕಿಯಾಗಿ ಬಿದ್ದಿದೆ!

ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆ, ಪಶ್ಚಿಮ ಘಟ್ಟದ ಅಂಚು. ಈ ಹಾಳೆಯ ಮೇಲಂಚಿನಲ್ಲಿ ಜಗತ್ತಿಗೇ ಗೊತ್ತಿರುವ ಒಂದು ಜಾಗವಿದೆ. ಹೆಸರು ಹೇಳದೆ ಬರೀ ಗೆರೆಗಳಿಂದಲೇ ಅದನ್ನು ಪತ್ತೆ ಹಚ್ಚಬಹುದು. ಹೇಗೆ?

ಕಂದು ಗೆರೆಗಳನ್ನು ನೋಡಿ. ಶಾಲೆಯಲ್ಲಿ ಸಮೋನ್ನತಿ ರೇಖೆ ಅಂತ ಬಾಯಿಪಾಠ ಮಾಡಿ ಮರೆತದ್ದು ಇದೇ! ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆ. ಹಳೆಯ ಒಂದಿಂಚಿನ ಹಾಳೆಗಳಲ್ಲಿ ಸಾಮಾನ್ಯವಾಗಿ 50 ಅಡಿಗೊಂದು. ಗೆರೆಗಳು ದೂರದೂರ ಇದ್ದರೆ ನೆಲ ಸಪಾಟು. ಹತ್ತಿರ ಬಂದರೆ ಏರು. ಒಂದಕ್ಕೊಂದು ಅಂಟಿಕೊಂಡರೆ?

ಪ್ರಪಾತ!

ಜೋಗದ ಎತ್ತರ 830 ಅಡಿ. ಐವತ್ತು ಅಡಿಗೊಂದರಂತೆ ಲೆಕ್ಕ ಹಾಕಿ. ಹದಿನಾರು ಗೆರೆ! ಹದಿನಾರೂ ಒಂದೇ ಜಾಗಕ್ಕೆ ಬಂದು ಬೀಳಬೇಕು! ಬರೆಯುವವನ ಪೆನ್ನಿಗೆ ಜಾಗ ಎಲ್ಲಿ? ಅದಕ್ಕೇ ಇಂಥ ಕಡೆ ಗೆರೆ ಬಿಟ್ಟು, ಕಡಿದಾದ ಬಂಡೆಗೆ ಇರುವ ಬೇರೆ ಗುರುತನ್ನೇ ಹಾಕುತ್ತಾರೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧುಮುಕುವ ಸದ್ದು ಕಾಗದದ ಮೇಲೆ ಅಷ್ಟೇ: ನಾಲ್ಕಾರು ಹಲ್ಲುಹಲ್ಲು ಗೆರೆ.

ಹಳೆಯ ನಕ್ಷೆಗಳಲ್ಲಿ ಅಲ್ಲಿ ಜೋಗ ಅಂತ ಹುಡುಕಿದರೆ ನಿಮಗೆ ನಿರಾಸೆ. ಅವರು ಬರೆದದ್ದು ಗೇರುಸೊಪ್ಪೆ ಫಾಲ್ಸ್. ಗೇರುಸೊಪ್ಪೆ ಊರಿರುವುದು ಎಲ್ಲೋ ಕೆಳಗೆ, ಘಟ್ಟದ ಬುಡದಲ್ಲಿ! ಊರು ಅಲ್ಲಿ, ಜಲಪಾತ ಇಲ್ಲಿ. ಬ್ರಿಟಿಷರಿಗೆ ಅಷ್ಟು ಸಾಕಾಗಿತ್ತು ಅಂತ ಕಾಣುತ್ತದೆ.

ಈಗ ಅದೇ ಜಾಗದಲ್ಲಿ ಇನ್ನೊಂದು ಗೆರೆ ಹುಡುಕಿ. ಚುಕ್ಕಿ ಅಡ್ಡಗೆರೆ, ಚುಕ್ಕಿ ಅಡ್ಡಗೆರೆ. ಅದು ಗಡಿ. ಬರೀ ಜಿಲ್ಲೆಯ ಗಡಿ ಅಂದುಕೊಂಡಿರಾ? ಅಲ್ಲ! ಒಂದು ಕಡೆ ಮೈಸೂರು ಸಂಸ್ಥಾನ, ಮಹಾರಾಜರ ಆಳ್ವಿಕೆ. ಇನ್ನೊಂದು ಕಡೆ ಬ್ರಿಟಿಷರ ಬಾಂಬೆ ಪ್ರಾಂತ್ಯ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸು ಪ್ರಾಂತ್ಯದಿಂದ ಬಾಂಬೆಗೆ ಸೇರಿತ್ತಲ್ಲ, ಅದರ ಪರಿಣಾಮ. ಒಂದು ಜಲಪಾತ, ಎರಡು ಸರ್ಕಾರ!

ನಂಬಿಕೆ ಬರಲಿಲ್ಲವೇ? ಇವತ್ತಿಗೂ ಜೋಗಕ್ಕೆ ಹೋಗಿ ನೋಡಿ. ಒಂದು ದಡದಲ್ಲಿ ಬ್ರಿಟಿಷ್ ಬಂಗಲೆ, ಹಳಬರ ಬಾಯಲ್ಲಿ ಬಾಂಬೆ ಬಂಗಲೆ. ಎದುರು ದಡದಲ್ಲಿ ಮೈಸೂರು ಬಂಗಲೆ. ಅವರ ಸಾಹೇಬರು ಅಲ್ಲಿ ನಿಂತು ನೋಡಬೇಕು, ಇವರ ಅಧಿಕಾರಿಗಳು ಇಲ್ಲಿ ನಿಂತು ನೋಡಬೇಕು! 1956ರ ನವೆಂಬರ್ 1ರಂದು ಆ ಗಡಿ ರಾಜ್ಯದ ಗಡಿಯಾಗಿ ಉಳಿಯಲಿಲ್ಲ. ಬಂಗಲೆಗಳ ಹೆಸರು ಮಾತ್ರ ಉಳಿಯಿತು.

ಸರಿ, ಈಗ ಬನ್ನಿ ಆ ನೀರಿನ ಗುಟ್ಟಿಗೆ. ಇಷ್ಟು ಹೊತ್ತು ತಡೆದದ್ದೇ ಹೆಚ್ಚು!

ಒಂದು ನೀಲಿ ಪೆನ್ಸಿಲ್ ತಗೊಳ್ಳಿ. ಜೋಗದಿಂದ ಹೊಳೆಯ ಗುಂಟ ಮೇಲಕ್ಕೆ, ಅಂದರೆ ಆಗ್ನೇಯಕ್ಕೆ ಬನ್ನಿ. ಇದು ಶರಾವತಿ. ಇಕ್ಕೆಲಗಳಲ್ಲಿ ಗದ್ದೆಬಯಲು, ಅಡಿಕೆ ತೋಟದ ಪಟ್ಟಿ, ಹಳ್ಳಿಗಳು, ಅವುಗಳ ನಡುವೆ ಗಾಡಿ ದಾರಿ. ಈಗ ಹೊಳೆಯ ಎರಡೂ ಕಡೆ ಹತ್ತಿ, 1,800 ಅಂತ ಅಂಕಿ ಬಿದ್ದ ಕಂದು ಗೆರೆಯನ್ನು ಹಿಡಿಯಿರಿ. ಸಿಕ್ಕಿತಾ? ಅದರ ಮೇಲೆ ಪೆನ್ಸಿಲ್ ಇಟ್ಟು ನಿಧಾನಕ್ಕೆ ಎಳೆಯುತ್ತಾ ಹೋಗಿ. ಗೆರೆ ಎಲ್ಲಿ ತಿರುಗಿದರೆ ಅಲ್ಲಿ ನೀವೂ ತಿರುಗಿ. ಹಳ್ಳದೊಳಗೆ ನುಗ್ಗಿದರೆ ನೀವೂ ನುಗ್ಗಿ, ಗುಡ್ಡ ಬಳಸಿದರೆ ನೀವೂ ಬಳಸಿ. ಮುಗಿಯುವುದೇ ಇಲ್ಲ ಅನಿಸುತ್ತದೆ. ಬಿಡಬೇಡಿ!

ಈಗ ಗೆರೆಯ ಒಳಗೆ, ಹೊಳೆಯ ಕಡೆ, ನೀಲಿ ತುಂಬಿ.

ನೋಡಿದಿರಾ? ನೋಡಿದಿರಾ!

ಲಿಂಗನಮಕ್ಕಿ!

ಅದೇ ಆಕಾರ. ಬೆರಳು ಕವಲೊಡೆದ ಹಾಗೆ ನಾಲ್ಕು ದಿಕ್ಕಿಗೆ ಚಾಚಿದ ಅದೇ ಹಿನ್ನೀರು. ಉಪಗ್ರಹದ ಚಿತ್ರದಲ್ಲಿ ಇವತ್ತು ಕಾಣುವುದು ಬಹುಪಾಲು ಇದೇ. ಲಿಂಗನಮಕ್ಕಿ ಅಣೆಕಟ್ಟೆಯ ಪೂರ್ಣ ಮಟ್ಟ ಎಷ್ಟು ಗೊತ್ತೇ? ಮಳೆಗಾಲದಲ್ಲಿ ಪೇಪರಿನವರು ದಿನಾ ಬರೆಯುತ್ತಾರಲ್ಲ: 1,819 ಅಡಿ! ನೀವು ಬಣ್ಣ ಹಚ್ಚಿದ ಗೆರೆಗಿಂತ ಬರೀ ಹತ್ತೊಂಬತ್ತು ಅಡಿ ಮೇಲೆ!

ಅಣೆಕಟ್ಟು ಎದ್ದದ್ದು 1964ರಲ್ಲಿ. ಗೆರೆ ಎಳೆದದ್ದು ಅದಕ್ಕೂ ಎಷ್ಟೋ ದಶಕಗಳ ಹಿಂದೆ! ಸರಪಳಿ, ಬಾವುಟ, ಪ್ಲೇನ್ ಟೇಬಲ್ಲು ಹೊತ್ತು ಜಿಗಣೆ ಕಚ್ಚಿಸಿಕೊಳ್ಳುತ್ತಾ ಕಾಡು ಅಲೆದ ಸರ್ವೆಯವರಿಗೆ ಅಣೆಕಟ್ಟಿನ ಯೋಚನೆಯೇ ಇರಲಿಲ್ಲ. ಅವರು ಗುಡ್ಡದ ಎತ್ತರ ಬರೆದರು, ಅಷ್ಟೇ. ಸರೋವರದ ದಂಡೆ ತಾನೇ ಬಿದ್ದುಬಿಟ್ಟಿತು. ಯಾವ ಊರು ಮುಳುಗಬೇಕು, ಯಾವ ಊರು ಉಳಿಯಬೇಕು ಅನ್ನುವುದೂ ಆ ಹಾಳೆಯಲ್ಲೇ ಬಿದ್ದುಬಿಟ್ಟಿತ್ತು!

ಮೈ ಜುಮ್ಮೆನ್ನುವುದು ಇಲ್ಲೇ. ನಿಮ್ಮ ನೀಲಿಯ ನಡುವೆ ಬಣ್ಣ ಹತ್ತದೆ ಉಳಿದ ದುಂಡುದುಂಡು ಗೆರೆಗಳಿವೆಯಲ್ಲ, ಅವೇನು? ಗುಡ್ಡದ ನೆತ್ತಿಗಳು. 1,819ಕ್ಕಿಂತ ಮೇಲೆ ತಲೆ ಎತ್ತಿದ್ದವು. ಇವತ್ತು ಅವೇ ನಡುಗಡ್ಡೆಗಳು! ದನ ಮೇಯಿಸಲು ಹತ್ತುತ್ತಿದ್ದ ಗುಡ್ಡಕ್ಕೆ ಈಗ ದೋಣಿಯಲ್ಲಿ ಹೋಗಬೇಕು.

ಇಷ್ಟಕ್ಕೇ ಬೆರಗಾದಿರಾ? ತಾಳಿ. ಆ ನೀರಿನ ತಳದಲ್ಲಿ ಏನಿದೆ ಹೇಳಿ.

ಊರುಗಳು. ಹೌದು. ಗದ್ದೆ, ತೋಟ, ಗುಡಿ. ಹೌದು, ಹೌದು. ಇನ್ನೂ ಒಂದಿದೆ. ಯಾರೂ ನೀರೊಳಗೆ ಹುಡುಕದ ವಸ್ತು. ಸುಳಿವು ಬೇಕೇ? ಅದೂ ನೀರು ನಿಲ್ಲಿಸಲೆಂದೇ ಕಟ್ಟಿದ್ದು!

ಅಣೆಕಟ್ಟು! ಲಿಂಗನಮಕ್ಕಿಯ ಹೊಟ್ಟೆಯೊಳಗೆ ಇನ್ನೊಂದು ಅಣೆಕಟ್ಟಿದೆ!

ಹಿರೇಭಾಸ್ಕರ ಅಣೆಕಟ್ಟು. ಮಡೇನೂರು ಡ್ಯಾಂ ಅಂತಲೂ ಕರೆಯುತ್ತಾರೆ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಹಿಡಿದಿಡಲು ಕಟ್ಟಿದ್ದು. ಕೆಲಸ ಶುರುವಾದದ್ದು 1939ರಲ್ಲಿ, ಮೈಸೂರು ಮಹಾರಾಜರ ಕಾಲದಲ್ಲಿ. ನಡುವೆ ಮಹಾಯುದ್ಧ. 120 ಮೆಗಾವಾಟ್‌ನ ಆ ವಿದ್ಯುದಾಗಾರ ಚಾಲೂ ಆದದ್ದು 1948ರ ಫೆಬ್ರವರಿಯಲ್ಲಿ, ಸ್ವತಂತ್ರ ಭಾರತದಲ್ಲಿ. ಮುಂದೆ ಅದಕ್ಕೆ ಮಹಾತ್ಮ ಗಾಂಧಿಯ ಹೆಸರಿಟ್ಟರು. ಅಣೆಕಟ್ಟಿಗೆ ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳು. ಗೇಟು ಎತ್ತುವ ಆಳು ಬೇಡ, ನೀರು ಮಟ್ಟ ಮೀರಿದ ಕೂಡಲೇ ತಾನೇ ಎಳೆದು ಹೊರಕ್ಕೆ ಚೆಲ್ಲುವ ದುಂಡು ಗೋಪುರಗಳು! ಆ ಕಾಲಕ್ಕೆ ಅದೊಂದು ಪವಾಡ.

ಅಷ್ಟು ದೊಡ್ಡ ಕಟ್ಟೋಣ ಎಷ್ಟು ವರ್ಷ ಬಾಳಿತು? ನೂರು? ಐವತ್ತು?

ಹದಿನಾರು!

1948ರಲ್ಲಿ ಮೊದಲ ದೀಪ. 1964ರಲ್ಲಿ ಕೆಳಗಡೆ ಲಿಂಗನಮಕ್ಕಿ ಎದ್ದು ನಿಂತಿತು, ನೀರು ಹಿಂದಕ್ಕೆ ಏರಿತು, ಊರುಗಳನ್ನು ಮುಳುಗಿಸಿದ್ದ ಅಣೆಕಟ್ಟು ತಾನೇ ಮುಳುಗಿತು! ಗಟ್ಟಿಮುಟ್ಟಾಗಿತ್ತು, ಏನೂ ಕೆಟ್ಟಿರಲಿಲ್ಲ. ಹಾಗೇ ನೀರೊಳಗೆ ಹೋಯಿತು.

ಮಳೆ ಕೈಕೊಟ್ಟ ವರ್ಷ, ಕಡು ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದು ಮೇಲೆ ಬರುತ್ತದೆ. ಸೈಫನ್ ಗೋಪುರಗಳು ಸಾಲಾಗಿ ಕಾಣುತ್ತವೆ. ಜನ ಗುಂಪುಗುಂಪಾಗಿ ನೋಡಲು ಹೋಗುತ್ತಾರೆ. ಹೋಗುವ ಮುಂಚೆ ಹಳೆಯ ಟೋಪೋಶೀಟು ನೋಡಿಕೊಂಡು ಹೋಗಿ! ನೀರು ಇಳಿಯುವುದು ಮನಸ್ಸಿಗೆ ಬಂದ ಹಾಗಲ್ಲ, ಆ ಕಂದು ಗೆರೆಗಳ ಗುಂಟವೇ ಇಳಿಯುತ್ತದೆ. 1,800. ಆಮೇಲೆ 1,750. ಒಂದೊಂದು ಗೆರೆ ಬಯಲಾದಾಗಲೂ ಅದರ ಮೇಲಿದ್ದ ದಾರಿ, ಕಟ್ಟೆ, ಗುಡಿಯ ಅಡಿಪಾಯ ಸರದಿಯಂತೆ ಹೊರಗೆ ಬರುತ್ತವೆ. ಕೆಸರು ಬಿರಿದ ಬಯಲಲ್ಲಿ ನಿಂತು ಇದು ಯಾವ ಊರು ಅಂತ ತಲೆ ಕೆರೆದುಕೊಳ್ಳುವ ಬದಲು ಹಾಳೆ ಬಿಚ್ಚಿ. ಊರಿನ ಹೆಸರೇ ಇದೆ!

ಈಗ ಒಂದು ಪತ್ತೇದಾರಿ ಆಟ. ಹಾಳೆಯ ಅಂಚನ್ನು ಕೈಯಲ್ಲಿ ಮುಚ್ಚಿಕೊಳ್ಳಿ. ಅದು ಯಾವ ಕಾಲದ ನಕ್ಷೆ ಅಂತ ಬರೀ ಒಳಗಿನ ಗುರುತು ನೋಡಿ ಹೇಳಬೇಕು. ಆಗುತ್ತದೆಯೇ? ಖಂಡಿತ ಆಗುತ್ತದೆ!

ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ತಾಳಗುಪ್ಪದವರೆಗೆ ಹಳಿ ಮುಟ್ಟಿದ್ದು 1940ರ ದಶಕದ ಹೊಸ್ತಿಲಲ್ಲಿ. ನಿಮ್ಮ ನಕ್ಷೆಯಲ್ಲಿ ರೈಲು ಶಿವಮೊಗ್ಗದಲ್ಲೇ ನಿಂತುಬಿಟ್ಟಿದೆಯೇ? ಅದು ತಾತನ ಕಾಲದ್ದು. ತಾಳಗುಪ್ಪದವರೆಗೆ ಹಳಿಯಿದೆ, ಮಡೇನೂರಿನ ಬಳಿ ಚಿಕ್ಕದೊಂದು ಸರೋವರ ಇದೆ, ಲಿಂಗನಮಕ್ಕಿ ಇಲ್ಲ? ಸಿಕ್ಕಿಬಿತ್ತು! ಆ ಹದಿನಾರು ವರ್ಷಗಳ ಸಂದಿನಲ್ಲಿ ಅಳೆದದ್ದು. ಅಂಥ ಹಾಳೆ ಸಿಕ್ಕರೆ ಜೋಪಾನ ಮಾಡಿ, ಎರಡು ಮುಳುಗಡೆಗಳ ನಡುವಿನ ಊರುಗಳು ಅದರಲ್ಲಿ ಮಾತ್ರ ಇರುತ್ತವೆ.

ಕೈ ತೆಗೆದು ಈಗ ಅಂಚು ನೋಡಿ. ಹುಷಾರು! ಅಲ್ಲಿ ಎರಡು ಇಸವಿ ಇರುತ್ತವೆ. ಒಂದು ಅಳೆದದ್ದು, ಇನ್ನೊಂದು ಅಚ್ಚಾದದ್ದು. ಅಚ್ಚಾದ ಇಸವಿಯನ್ನು ನಂಬಿದಿರೋ ಕೆಟ್ಟಿರಿ. ನೆಲ ಕಂಡದ್ದು ಅಳೆದ ವರ್ಷದಲ್ಲಿ. ಎರಡರ ನಡುವೆ ದಶಕಗಳೇ ಕಳೆದಿರಬಹುದು.

ಇದೆಲ್ಲ ಸರಿ, ಇಂಥ ಹಾಳೆ ಸಿಗುವುದು ಎಲ್ಲಿ ಅಂತ ಕೇಳುತ್ತೀರಿ. ಇಲ್ಲೇ ಇರುವುದು ಭಾರಿ ತಮಾಷೆ!

ನಮ್ಮಲ್ಲಿ ಬಹಳ ಕಾಲ ಕರಾವಳಿಗೂ ಗಡಿಗೂ ಹತ್ತಿರದ ಟೋಪೋಶೀಟುಗಳು ಗುಟ್ಟಿನ ದಾಖಲೆ. ಸಾಮಾನ್ಯರ ಕೈಗೆ ಸಿಗುವುದೇ ಕಷ್ಟ. ಆದರೆ 1950ರ ದಶಕದ ಒಂದು ನಕ್ಷೆಮಾಲೆಯಲ್ಲಿ ನಮ್ಮ ಇಡೀ ದೇಶ ಇದೆ, ಶರಾವತಿ ಕಣಿವೆಯೂ ಇದೆ, ಲಿಂಗನಮಕ್ಕಿ ಇಲ್ಲದ ಕಣಿವೆ! ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಅದನ್ನು ಮಾಡಿದ್ದು ಯಾರು ಗೊತ್ತೇ?

ಅಮೆರಿಕದ ಸೈನ್ಯ!

ನಿಜ! ಅಲ್ಲಿನ ಆರ್ಮಿ ಮ್ಯಾಪ್ ಸರ್ವಿಸ್ ಎಂಬ ವಿಭಾಗ, ಸರ್ವೆ ಆಫ್ ಇಂಡಿಯಾದ ಕಾಲಿಂಚಿನ ಹಳೆಯ ಹಾಳೆಗಳನ್ನೇ ಆಧಾರ ಮಾಡಿಕೊಂಡು ಭಾರತ ಮತ್ತು ಪಾಕಿಸ್ತಾನದ ಯು-502 ಎಂಬ ಮಾಲೆ ತಯಾರಿಸಿತು. ಎರಡೂವರೆ ಲಕ್ಷಕ್ಕೆ ಒಂದರ ಪ್ರಮಾಣ. ಶೀತಲ ಸಮರದ ಕಾಲ, ಅವರಿಗೆ ಯಾವ ರಸ್ತೆಯಲ್ಲಿ ಲಾರಿ ಹೋಗುತ್ತದೆ, ಯಾವುದು ಬರೀ ಗಾಡಿ ದಾರಿ ಅಂತ ಬೇಕಿತ್ತು. ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅದನ್ನೆಲ್ಲ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದೆ. ಸಾಗರ ಸೀಮೆಯ ಹಳ್ಳಿಯ ಚರಿತ್ರೆಗೆ ಟೆಕ್ಸಸ್‌ಗೆ ಹೋಗಬೇಕು! ಕುರ್ಚಿ ಬಿಟ್ಟೇಳದೆ ಹೋಗಬಹುದು ಅನ್ನುವುದೇ ಪುಣ್ಯ.

ಅಮೆರಿಕದವರು ತಮ್ಮ ದೇಶದ ಹಳೆಯ ಹಾಳೆಗಳನ್ನಂತೂ ಊಟದ ಪಂಕ್ತಿಯಲ್ಲಿ ಬಡಿಸಿದ ಹಾಗೆ ಬಡಿಸಿಬಿಟ್ಟಿದ್ದಾರೆ. 1884ರಿಂದ ಈಚಿನವು, 1,78,000ಕ್ಕೂ ಹೆಚ್ಚು ಹಾಳೆ, ಎಲ್ಲವೂ ಪುಕ್ಕಟೆ! ಅಲ್ಲಿನ ಯಾವ ಮೂಲೆಯ ಕೌಂಟಿಯವರಾದರೂ ತಮ್ಮ ಊರಿನ ನೂರು ವರ್ಷವನ್ನು ಒಂದರ ಮೇಲೊಂದಿಟ್ಟು ನೋಡಬಹುದು. ಹೊಟ್ಟೆಕಿಚ್ಚಾಗುತ್ತದೆ, ನಿಜ ಹೇಳಬೇಕೆಂದರೆ.

ನಮ್ಮಲ್ಲೂ ಬಾಗಿಲು ತೆರೆಯುತ್ತಿದೆ. ಈಗಿನ ಐವತ್ತು ಸಾವಿರಕ್ಕೆ ಒಂದರ ಹಾಳೆಗಳನ್ನು 2017ರಿಂದ ಸರ್ವೆ ಆಫ್ ಇಂಡಿಯಾ ತನ್ನ ಜಾಲತಾಣದಲ್ಲಿ ಕೊಡುತ್ತಿದೆ. 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆಗಳ ಮೇಲಿನ ಬಿಗಿಯನ್ನೂ ಸಡಿಲಿಸಿತು. ಹಳೆಯದು ಒಂದು, ಹೊಸದು ಒಂದು ಕೈಗೆ ಬಂದರೆ ಸಾಕು, ಆಟ ಶುರು!

ಹಳೆಯ ಹಾಳೆಯ ಸ್ಕ್ಯಾನ್ ಪ್ರತಿಯನ್ನು ಗೂಗಲ್ ಅರ್ಥ್‌ನಲ್ಲಿ ಉಪಗ್ರಹ ಚಿತ್ರದ ಮೇಲೆ ಹೊದಿಸಿ. ಮೂಲೆ ಎಳೆದು ಕೂರಿಸಬೇಕು. ಯಾವುದನ್ನು ಗುರುತಾಗಿ ಹಿಡಿಯುವುದು? ರಸ್ತೆ ಬೇಡ, ಅದು ಜಾಗ ಬದಲಿಸುತ್ತದೆ. ಊರು ಬೇಡ, ಬೆಳೆದುಬಿಡುತ್ತದೆ. ಗುಡ್ಡದ ನೆತ್ತಿ ಹಿಡಿಯಿರಿ. ಹಳೆಯ ಗುಡಿ ಹಿಡಿಯಿರಿ. ಕೆರೆ ಏರಿಯ ಮೂಲೆ ಹಿಡಿಯಿರಿ, ನೂರಾರು ವರ್ಷ ಅಲುಗದೆ ಕೂತಿರುವುದು ಅದೇ!

ಆಮೇಲೆ ಪಾರದರ್ಶಕತೆಯ ಗುಂಡಿಯನ್ನು ಎಡಕ್ಕೆ ಬಲಕ್ಕೆ ಜಾರಿಸಿ. ಎಡಕ್ಕೆ ಜಾರಿಸಿದರೆ ನೀರು. ಬಲಕ್ಕೆ ಜಾರಿಸಿದರೆ ಗದ್ದೆ. ಮತ್ತೆ ನೀರು. ಮತ್ತೆ ಊರು! ಹೊಳೆ ದಾಟುವ ಒಂದು ಗಾಡಿ ದಾರಿ ಹಿಡಿದು ಹೋಗಿ ನೋಡಿ. ಈ ದಂಡೆಯಲ್ಲಿ ಡಾಂಬರು ರಸ್ತೆ ನೀರಿನ ಬಾಯಿಗೆ ಹೋಗಿ ತಟ್ಟನೆ ನಿಲ್ಲುತ್ತದೆ. ಯಾಕೆ ಅಲ್ಲಿಗೆ ಹೋಗಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಗುಂಡಿ ಜಾರಿಸಿ! ಹಳೆಯ ದಾರಿ ನೀರಿನಡಿ ಮುಂದುವರಿದು, ಕಣಿವೆ ದಾಟಿ, ಆಚೆ ದಂಡೆಯಲ್ಲಿ ಎದ್ದು ಬರುತ್ತದೆ. ಒಂದೇ ದಾರಿ, ನಡುವೆ ತುಂಡಾಗಿದೆ!

ಒಂದು ಎಚ್ಚರಿಕೆ. ಹಾಳೆಯ ಅಂಚಿನ ಅಕ್ಷಾಂಶ ರೇಖಾಂಶ ನಂಬಿಕೊಂಡು ಮೊಬೈಲಿನ ಜಿಪಿಎಸ್ ಹಿಡಿದು ಹೊರಟರೆ ನಿಮ್ಮ ಮನೆ ಪಕ್ಕದವರ ಗದ್ದೆಯಲ್ಲಿರುತ್ತದೆ! ನೂರು ಮೀಟರಿಗೂ ಹೆಚ್ಚು ಸರಿದಿರುತ್ತದೆ. ತಪ್ಪು ಯಾರದು? ಯಾರದೂ ಅಲ್ಲ. ಹಳೆಯ ಹಾಳೆಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಭೂಮಿಯ ಮೇಲೆ ನಿಂತಿವೆ. ಹೌದು, ಶಿಖರಕ್ಕೆ ಹೆಸರು ಕೊಟ್ಟ ಅದೇ ಎವರೆಸ್ಟ್. ಜಿಪಿಎಸ್ ಬಳಸುವ ಭೂಮಿಯ ಆಕಾರವೇ ಚೂರು ಬೇರೆ. ಉಪಗ್ರಹವಿಲ್ಲ, ವಿಮಾನವಿಲ್ಲ, ಉಕ್ಕಿನ ಸರಪಳಿ ಎಳೆದು ಅರ್ಧ ಟನ್ನಿನ ಥಿಯೋಡೊಲೈಟ್ ಹೊತ್ತು ಅಳೆದವರು. ಅದರಲ್ಲಿ ವ್ಯತ್ಯಾಸ ನೂರೈವತ್ತು ಮೀಟರಿನ ಆಸುಪಾಸು! ನಾನಂತೂ ಕೈಮುಗಿದುಬಿಟ್ಟೆ.

ಅಂದಹಾಗೆ ಆ ಸರಪಳಿ ನಮ್ಮ ನೆಲದಲ್ಲೇ ಮೊದಲು ಬಿದ್ದದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಆಧಾರ ರೇಖೆ ಅಳೆದ. ಮದ್ರಾಸಿನ ಪ್ರಸಿದ್ಧ ರೇಖೆ ಬಂದದ್ದು 1802ರಲ್ಲಿ! ಅದೇ ಹೊತ್ತಿಗೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನೆಲ್ಲ ಅಳೆಯಲು ಹೊರಟ. ಆತ ಮುಂದೆ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಸಾಕು, ಇತಿಹಾಸದ ಪಾಠ ಇಲ್ಲಿಗೇ ನಿಲ್ಲಿಸೋಣ. ಹಾಳೆ ಕರೆಯುತ್ತಿದೆ!

ಆಗ್ನೇಯಕ್ಕೆ ಸರಿದು 48 ಓ/1 ತೆಗೆಯಿರಿ. ಹೊಸನಗರ ತಾಲ್ಲೂಕಿನಲ್ಲಿ ನಗರ ಅನ್ನುವ ಒಂದು ಊರು. ಹೆಸರು ನಗರ, ನೋಡಿದರೆ ಹಳ್ಳಿ! ಪಕ್ಕದಲ್ಲಿ ಕೋಟೆಯ ಗುರುತು, ಸುತ್ತ ಕಾಡು. ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಕೋಟೆ ಯಾಕೆ?

ಹದಿನೆಂಟನೇ ಶತಮಾನದಲ್ಲಿ ಯುರೋಪಿನವರು ಬರೆದ ನಕ್ಷೆ ತೆರೆದು ನೋಡಿ, ಬಾಯಿ ಕಟ್ಟುತ್ತದೆ. ಬೆಡ್ನೋರ್ ಅಂತ ಮೆರೆಯುತ್ತಿರುವುದು ಇದೇ ಊರು! ಬಿದನೂರು, ಕೆಳದಿ ಅರಸರ ರಾಜಧಾನಿ. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಇಲ್ಲಿಗೆ ಬಂದ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದ, ಅವನ ಕೈಗೆ ಸಿಕ್ಕ ಸಂಪತ್ತು ಕತೆಯಾಯಿತು. ನಕ್ಷೆಯಿಂದ ನಕ್ಷೆಗೆ ಆ ಹೆಸರಿನ ಅಕ್ಷರ ಸಣ್ಣದಾಗುತ್ತಾ ಬರುವುದನ್ನು ನೋಡಬೇಕು!

ಘಟ್ಟ ಇಳಿದು ಗೇರುಸೊಪ್ಪೆಯ ಕಡೆ ಬಂದರೆ ಇನ್ನೊಂದು ಒಗಟು. ಹಸಿರು ಕಾಡು. ಮನೆ ಇಲ್ಲ, ಗದ್ದೆ ಇಲ್ಲ. ನಡುವೆ ಒಂದು ಬಸದಿ, ಹೆಸರು ಚತುರ್ಮುಖ. ನಾಲ್ಕು ದಿಕ್ಕಿಗೂ ಬಾಗಿಲಿದೆ, ಬರುವವರು ಯಾರು? ಕಾಡಿನಲ್ಲಿ ಬಸದಿ ಕಟ್ಟಿದ್ದಲ್ಲ, ಊರಿನಲ್ಲಿ ಕಟ್ಟಿದ್ದು. ಊರು ಹೋಯಿತು, ಕಾಡು ಬಂತು! ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಊರದು. ಘಟ್ಟದಿಂದ ಮೆಣಸಿನ ಮೂಟೆ ಇಳಿಯುತ್ತಿದ್ದ ಸೀಮೆ. ಹಳೆಯ ಹಾಳೆಗಳಲ್ಲಿ ಘಟ್ಟದ ಅಂಚಿನಿಂದ ಕೆಳಕ್ಕೆ ಬಳುಕುತ್ತಾ ಇಳಿಯುವ ಚುಕ್ಕಿದಾರಿಗಳನ್ನು ಎಣಿಸಿ ನೋಡಿ, ಹೇರೆತ್ತುಗಳ ಗಂಟೆ ಕೇಳದಿದ್ದರೆ ಹೇಳಿ.

ಮತ್ತೆ ಹಿನ್ನೀರಿಗೆ ಬರೋಣ. ತುಮರಿ, ಬ್ಯಾಕೋಡು, ಸಿಗಂದೂರು. ಹೊಸ ಹಾಳೆಯಲ್ಲಿ ಇವು ಆಚೆ ದಂಡೆಯವು. ಸಾಗರ ಪೇಟೆ ಈಚೆಗೆ. ನಡುವೆ ನೀರು. ಹಳೆಯ ಹಾಳೆಯಲ್ಲಿ? ಆಚೆಯೂ ಇಲ್ಲ, ಈಚೆಯೂ ಇಲ್ಲ! ಒಂದು ಹೊಳೆ, ದಾಟಿದರೆ ಆಯಿತು. 1964ರ ನಂತರ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವುದೇ ಜೀವನವಾಯಿತು. ಬಸ್ಸು, ಜೀಪು, ಬೈಕು, ಬಾಣಂತಿ, ಮದುವೆ ದಿಬ್ಬಣ, ಎಲ್ಲಾ ಲಾಂಚಿನ ಮೇಲೆ! ಕಡೆಗೂ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ಬಂತು. ಉದ್ದ ಎಷ್ಟು? ಸುಮಾರು 2.4 ಕಿಲೋಮೀಟರ್! ಯಾವಾಗ? 2025ರ ಜುಲೈ. ಲೆಕ್ಕ ಹಾಕಿದಿರಾ? ಅರವತ್ತೊಂದು ವರ್ಷ! ನಕ್ಷೆಯಲ್ಲಿ ಅಳಿಸಿಹೋಗಿದ್ದ ಒಂದು ಕೆಂಪು ಗೆರೆ ಮತ್ತೆ ಬೀಳಲು ಅಷ್ಟು ಕಾಲ.

ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನಾಡಿಗೆಲ್ಲ ಬೆಳಕು ಹೋಯಿತು. ಆ ನೀಲಿಯೊಳಗೆ ಮನೆ ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅರ್ಜಿ ಹಿಡಿದು ನಿಂತಿದ್ದಾರೆ. ಸಾಗರದ ನಾ. ಡಿಸೋಜ ಅದೇ ಯೋಜನೆಯಲ್ಲಿ ನೌಕರಿ ಮಾಡುತ್ತಾ ಕಣ್ಣಾರೆ ಕಂಡದ್ದನ್ನು ಕಾದಂಬರಿ ಮಾಡಿದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ಆ ಸಿನಿಮಾ ಮತ್ತೊಮ್ಮೆ ನೋಡಿ, ಆಮೇಲೆ ಟೋಪೋಶೀಟು ಬಿಚ್ಚಿ. 1,800ರ ಗೆರೆ ಆಗ ಬರೀ ಅಂಕಿಯಾಗಿ ಕಾಣುವುದಿಲ್ಲ. ಆ ಸೀಮೆಯ ಎಂಬತ್ತು ದಾಟಿದ ಅಜ್ಜಿ, ಅಜ್ಜ ನಿಮ್ಮ ಪರಿಚಯದಲ್ಲಿದ್ದರೆ ಹಾಳೆಯನ್ನು ಅವರ ಮುಂದಿಡಿ. ಊರಿನ ಹೆಸರು ಗಟ್ಟಿಯಾಗಿ ಓದಿ ಸಾಕು. ಕಡವು ಎಲ್ಲಿತ್ತು, ಸಂಕ ಎಲ್ಲಿತ್ತು, ಯಾರ ತೋಟದ ಕೆಳಗೆ ಯಾರ ಗದ್ದೆ, ಅವರೇ ಹೇಳುತ್ತಾರೆ. ಪೆನ್ನು ಹಿಡಿದು ಕೂತಿರಿ!

ಸಾಗರ ನಿಮ್ಮ ಸೀಮೆಯಲ್ಲವೇ? ಬೇಜಾರಿಲ್ಲ. ನಿಮ್ಮ ಊರಿನ ಹಾಳೆಯ ನಂಬರನ್ನು ಯಾರನ್ನೂ ಕೇಳದೆ ಈಗಲೇ ಕಂಡುಹಿಡಿಯಬಹುದು!

ದೊಡ್ಡ ಚೌಕ ನಾಲ್ಕು ಡಿಗ್ರಿಯದು. ಕರ್ನಾಟಕದ ಬಹುಪಾಲು ಜಾಗ ಬೀಳುವುದು ನಾಲ್ಕೇ ಚೌಕಗಳಲ್ಲಿ: 47, 48, 56, 57. ಅಕ್ಷಾಂಶ 16ರ ಮೇಲಿದ್ದರೆ 47 ಇಲ್ಲವೇ 56. ಕೆಳಗಿದ್ದರೆ 48 ಇಲ್ಲವೇ 57. ರೇಖಾಂಶ 76ರ ಎಡಕ್ಕೆ ಮೊದಲನೆಯದು, ಬಲಕ್ಕೆ ಎರಡನೆಯದು. ಬೀದರಿನವರಿಗೆ 56, ವಿಜಯಪುರದವರಿಗೆ 47, ಬೆಳಗಾವಿಯವರಿಗೆ 48, ಕೋಲಾರದವರಿಗೆ 57. ಚಾಮರಾಜನಗರದವರು ಮಾತ್ರ ಕೆಳಗೆ ಜಾರಿ 58ಕ್ಕೆ ಬೀಳುತ್ತಾರೆ! ಪ್ರತಿ ಚೌಕದಲ್ಲೂ ಒಂದೊಂದು ಡಿಗ್ರಿಯ ಹದಿನಾರು ಮನೆ, ಇಂಗ್ಲಿಷಿನ ಎ ಇಂದ ಪಿ ವರೆಗೆ. ಮೇಲಿನ ಎಡಮೂಲೆಯಿಂದ ಶುರುಮಾಡಿ ಕೆಳಕ್ಕೆ ಇಳಿಯಬೇಕು, ತಳ ಮುಟ್ಟಿದ ಮೇಲೆ ಪಕ್ಕದ ಸಾಲು. ಪ್ರತಿ ಮನೆಯೊಳಗೂ ಮತ್ತೆ ಹದಿನಾರು ಕೋಣೆ, ಅದೇ ಕ್ರಮದಲ್ಲಿ. ಬೆಂಗಳೂರು ಪೇಟೆ 57 ಎಚ್/9. ಲೆಕ್ಕ ಹಾಕಿ ತಾಳೆ ನೋಡಿಕೊಳ್ಳಿ.

ಬಂತೇ? ಹಾಗಾದರೆ ಒಂದು ಪರೀಕ್ಷೆ. 57 ಡಿ/11 ತೆಗೆಯಿರಿ. 1911ಕ್ಕೆ ಮೊದಲು ಅಳೆದ ನಕ್ಷೆ ಸಿಕ್ಕರೆ ಇನ್ನೂ ರುಚಿ. ಮೈಸೂರು ಪೇಟೆ ಕಾಣುತ್ತದೆ, ಅದು ಬೇಡ. ವಾಯವ್ಯಕ್ಕೆ ಬನ್ನಿ, ಕಾವೇರಿಯ ದಂಡೆಗೆ. ಅಲ್ಲೊಂದು ಊರು, ಊರಿನಲ್ಲಿ ಒಂದು ದೊಡ್ಡ ಗುಡಿ. ಆ ಊರಿನ ಹೆಸರನ್ನು ನೀವು ಇವತ್ತಿಗೂ ದಿನಬಳಕೆಯಲ್ಲಿ ಕೇಳುತ್ತೀರಿ, ಒಂದು ಕಟ್ಟೆಯ ಹೆಸರಿಗೆ ಅಂಟಿಕೊಂಡಿದೆ. ಊರು ಮಾತ್ರ ಆ ಜಾಗದಲ್ಲಿಲ್ಲ! ಗುಡಿಯೂ ಅಲ್ಲಿಲ್ಲ! ಗುಡಿ ಎಲ್ಲಿಗೆ ಹೋಯಿತು, ಹೇಗೆ ಹೋಯಿತು?

ನಾನು ಹೇಳುವುದಿಲ್ಲ. ಪೆನ್ಸಿಲ್ ನಿಮ್ಮ ಕೈಯಲ್ಲೇ ಇದೆಯಲ್ಲ, ಹುಡುಕಿ!